ಬೆಳ್ಳಗಾದ ಗೂಡು

"ಇವನ ಹೆಗಲ ಮೇಲಿರೋ ಟವಲ್ ಕೋರ್ಟಲ್ಲಿ ಎದ್ದು ಕಾಣಬೇಕು. ಅಷ್ಟು ಭಾಗ ದೊಡ್ಡದು ಮಾಡಿ ಪ್ರಿಂಟ್ ಹಾಕ್ಕೊಡಿ, ರಾಧಕ್ಕ."

ಸಬ್ ಇನ್‌ಸ್ಪೆಕ್ಟರ್ ನವ್ಯಶ್ರೀ ಫೋಟೋವನ್ನು ಮೇಜಿನ ಮೇಲೆ ನನ್ನ ಕಡೆ ತಳ್ಳಿದರು. ನೋಡಿದೆ. ಬಾಯಿಗೆ ಹೋಗಬೇಕಿದ್ದ ಟೀ ಲೋಟ ಅರ್ಧದಲ್ಲೇ ನಿಂತಿತು.

"ಮೇಡಂ, ಇದು ನೀಲಿ ಟವಲ್ಲು."

"ಅದಕ್ಕೇ ಹೇಳ್ತಿರೋದು."

"ದೀಪು ಹತ್ರ ನೀಲಿ ಟವಲ್ಲೇ ಇಲ್ಲ!"

ನವ್ಯಶ್ರೀ ಕುರ್ಚಿಗೆ ಒರಗಿ ನನ್ನನ್ನೇ ನೋಡಿದರು. ಆ ಹುಡುಗಿಗೆ ನನ್ನ ಅರ್ಧ ವಯಸ್ಸು. ಆದರೆ ಅವರು ಹಾಗೆ ನೋಡಿದರೆ ನನ್ನಂಥ ಬಾಯಿಬಡುಕಿಯೂ ಒಂದು ಕ್ಷಣ ಮಾತು ನುಂಗುತ್ತಾಳೆ.

ನನಗೆ ಚನ್ನಪಟ್ಟಣದಲ್ಲಿ ಸ್ಟುಡಿಯೋ ಇದೆ. ಮದುವೆ ಮನೆಯಲ್ಲಿ "ಒಸಿ ನಗಿ" ಅನ್ನುವವಳೂ ನಾನೇ, ಪೊಲೀಸರು ಕರೆದರೆ ಹೆಣದ ಪಕ್ಕ ಅಳತೆಪಟ್ಟಿ ಇಟ್ಟು ಕ್ಲಿಕ್ ಮಾಡುವವಳೂ ನಾನೇ. ದೀಪು ನನಗೆ ನೆಂಟನೂ ಅಲ್ಲ, ಇಷ್ಟನೂ ಅಲ್ಲ. ಮದುವೆ ಸೀಸನ್ನಿನಲ್ಲಿ ನನ್ನ ಲೈಟು, ಸ್ಟ್ಯಾಂಡುಗಳನ್ನು ಅವನ ಗೂಡ್ಸ್ ಆಟೋದಲ್ಲಿ ಹೊತ್ತು ತರುವ ಮಾಗಡಿ ಕಡೆಯ ಹುಡುಗ. ಒಂದು ಬಲ್ಬು ಒಡೆದರೂ ತಾನೇ ಒಡೆದೆ ಅಂತ ಬಂದು ಹೇಳುವವನು. ಅವನು ಕೊಲೆ ಮಾಡಿದ ಅಂದರೆ ನಾನು ನಂಬುವುದಿಲ್ಲ. ಆದರೆ ನನ್ನ ನಂಬಿಕೆ ಕಟ್ಟಿಕೊಂಡು ಕೋರ್ಟಿಗೆ ಏನಾಗಬೇಕು?

ರಾಮನಗರದಲ್ಲಿ ರೇಷ್ಮೆಗೂಡು ಕೊಂಡು ನೂಲು ತೆಗೆಸುವ ರೀಲರ್ ಬಾಲರಾಜು ತನ್ನ ಗೂಡಿನ ಗೋಡೌನಿನಲ್ಲೇ ತಲೆ ಒಡೆದು ಸತ್ತಿದ್ದ. ಅವನು ಆ ದಿನವೇ ತಂದಿಟ್ಟಿದ್ದ ಬಿಳಿ ರೇಷ್ಮೆಗೂಡು, ಕ್ರೇಟು ಸಮೇತ ಮಾಯವಾಗಿತ್ತು. ಎದುರು ಕಾಂಪೌಂಡಿನ ವಾಚ್‌ಮನ್ ಲಿಂಗಯ್ಯ ಆ ರಾತ್ರಿ ಕಂಡದ್ದು ಇಷ್ಟೇ: ಹೆಗಲ ಮೇಲೆ ನೀಲಿ ಟವಲ್ ಹಾಕಿಕೊಂಡ ಒಬ್ಬ ಕ್ರೇಟು ಹೊರುತ್ತಿದ್ದ. ಮುಖ ಕಂಡಿಲ್ಲ.

ಅದೇ ರಾತ್ರಿ ಒಬ್ಬ ಮದುವೆ ಗಂಡಿನ ಗೆಳೆಯರು ರಿಸೆಪ್ಶನ್ ಮುಗಿಸಿ ಕೆಂಗಲ್ ಹತ್ತಿರ ಟೀಗೆ ಇಳಿದಿದ್ದರು. ಜೊತೆಗಿದ್ದ ಫೋಟೋಗ್ರಾಫರ್ ಮನು ಅವರ ಗುಂಪಿನ ಫೋಟೋ ತೆಗೆದ. ಗುಂಪಿನ ಹಿಂದೆ ದೀಪುವಿನ ಗಾಡಿ. ಗಾಡಿ ತುಂಬ ಬಿಳಿ ಗೂಡು. ಪಕ್ಕದಲ್ಲಿ ದೀಪು. ಹೆಗಲ ಮೇಲೆ ನೀಲಿ ಟವಲ್.

ಇನ್ನೇನು ಬೇಕು? ಯಾರಾದರೂ ಹಿಡಿದು ಒಳಗೆ ಹಾಕುತ್ತಾರೆ.

"ದೀಪು ಏನಂತಾನೆ?" ಕೇಳಿದೆ.

"'ಗೂಡು ನಮ್ಮನೇದು' ಅಂತಾನೆ. ಎಲ್ಲಿ ಇಳಿಸ್ದೆ ಅಂದ್ರೆ ಬಾಯಿಗೆ ಬೀಗ. ಟವಲ್ ಎಲ್ಲಿ ಅಂದ್ರೂ ಬೀಗ. ಅವರಮ್ಮ ಬೆಳಗ್ಗೆಯಿಂದ ಒಂದು ಬಿಳಿ ಟವಲ್ ಹಿಡ್ಕೊಂಡು ಗೇಟಲ್ಲಿ ಕೂತಿದಾರೆ, ಇದೇ ಅವನದ್ದು ಅಂತ. ಬಿಳಿ ಟವಲ್ ಯಾರ ಮನೇಲಿಲ್ಲ ಹೇಳಿ? ಸಂಜೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸ್ಬೇಕು."

ನಾನು ಫೋಟೋವನ್ನು ಕಿಟಕಿ ಬೆಳಕಿಗೆ ಹಿಡಿದೆ. ಮುಂದೆ ನಿಂತ ಹುಡುಗರ ಮುಖ ನೋಡಿ. ಒಬ್ಬನ ಮೈಯಲ್ಲೂ ರಕ್ತ ಇಲ್ಲ. ರಾಗಿ ತಿಂದು ಬೆಳೆದ ಮುಖಗಳು ಬೂದಿ ಬಳಿದ ಹಾಗೆ ಕಾಣುತ್ತಿವೆ. ತುಟಿಗಳಂತೂ ನೇರಳೆ ಹಣ್ಣು ತಿಂದ ತುಟಿಗಳು.

"ಈ ಫೋಟೋನ ಯಾರೋ ತೊಳ್ದಿದಾರೆ ಮೇಡಂ."

"ಅಂದ್ರೆ?"

"ಕೆಂಗಲ್ ಸರ್ವಿಸ್ ರೋಡಿನ ಆ ಟೀ ಅಂಗಡಿ ಎದುರು ಇನ್ನೂ ಹಳೇ ಸೋಡಿಯಂ ದೀಪ. ಹೆಸರಲ್ಲೇ ಕೆಂಪು ಕಲ್ಲು ಇಟ್ಕೊಂಡಿರೋ ಊರು, ಆದ್ರೆ ಆ ದೀಪದಡಿ ಕೆಂಪೂ ನೆಟ್ಟಗೆ ಕಾಣಲ್ಲ, ಹಸಿರೂ ನೆಟ್ಟಗೆ ಕಾಣಲ್ಲ. ಮಲ್ಲಿಗೆ ಹಾರ ಹಿಡಿದ್ರೂ ಚೆಂಡುಹೂವಿನ ಹಾರದ ಥರಾನೇ ಬರುತ್ತೆ. ನಾನೇ ಅಲ್ಲಿ ಎಷ್ಟು ಸಲ ತಲೆ ಚಚ್ಕೊಂಡಿದೀನಿ. ಫೋಟೋ ಪೂರ್ತಿ ಕಾಮಾಲೆ ಹಿಡಿದ ಹಾಗೆ ಬರ್ಬೇಕು. ಇಲ್ಲಿ ಹಳದಿ ಎಲ್ಲಿದೆ?"

"ಸರಿ ಮಾಡಿರ್ತಾರೆ. ಎಲ್ಲರೂ ಮಾಡ್ತಾರಲ್ಲ."

"ಮಾಡ್ತೀವಿ. ಹೇಗೆ ಮಾಡ್ತೀವಿ? ಫೋಟೋದಲ್ಲಿ ಬಿಳಿ ಯಾವುದು ಅಂತ ಕಂಪ್ಯೂಟರಿಗೆ ತೋರಿಸ್ತೀವಿ. ಅದು ಆ ಜಾಗನ ಬೆಳ್ಳಗೆ ಮಾಡಿ, ಮಿಕ್ಕದ್ದನ್ನೆಲ್ಲಾ ಅದೇ ಲೆಕ್ಕದಲ್ಲಿ ಎಳೆಯುತ್ತೆ. ನಾವು ತೋರಿಸಿದ್ದು ನಿಜವಾಗ್ಲೂ ಬಿಳಿ ಆಗಿದ್ರೆ ಎಲ್ಲಾ ಸರಿಹೋಗುತ್ತೆ. ಹಳದೀನ ತೋರಿಸಿ 'ಇದೇ ಬಿಳಿ' ಅಂದ್ರೆ, ಹಳದಿ ಬಿಳಿ ಆಗುತ್ತೆ, ಬಿಳಿ ನೀಲಿ ಆಗುತ್ತೆ."

ನವ್ಯಶ್ರೀ ಫೋಟೋ ಕಿತ್ತುಕೊಂಡು ಮತ್ತೆ ನೋಡಿದರು. ಬೇಗ ಅರ್ಥವಾಗುತ್ತದೆ ಅವರಿಗೆ. ಅದೇ ನನಗೆ ಇಷ್ಟ, ಅದೇ ಭಯ ಕೂಡ.

"ಅಂದ್ರೆ ಇದು ಬಿಳಿ ಟವಲ್, ಹಳದಿ ಗೂಡು ಅಂತೀರಿ. ಒಪ್ಪಲ್ಲ, ರಾಧಕ್ಕ. ಟೀ ಅಂಗಡಿಯಲ್ಲಿ ಟ್ಯೂಬ್‌ಲೈಟ್ ಇದೆ. ಅದರ ಬೆಳಕು ಇವನ ಹೆಗಲ ಮೇಲೆ ಬಿದ್ದಿದ್ರೆ? ಸೋಡಿಯಂ ದೀಪದ ಹಳದಿ ತೆಗೆಯೋಕೆ ಹೋದಾಗ ಟ್ಯೂಬ್‌ಲೈಟ್ ಬಿದ್ದಿರೋ ಟವಲ್ ನೀಲಿ ಆಗುತ್ತೆ. ಗೂಡು ಮಾತ್ರ ನಿಜವಾಗ್ಲೂ ಬಿಳೀನೇ ಇರ್ಬೋದು. ಹೌದೋ ಅಲ್ವೋ?"

ಹೌದು. ಎಲಾ ಇವಳ! ಅದು ನನಗೆ ಹೊಳೆದಿರಲಿಲ್ಲ. ಟವಲ್ ತಪ್ಪಿದರೂ ಗೂಡು ಬಿಳಿಯಾಗಿಯೇ ಉಳಿದರೆ ದೀಪು ಉಳಿಯುವುದಿಲ್ಲ. ನನ್ನ ಕಾಲು ಸುಮ್ಮನೆ ನೆಲ ಕುಟ್ಟತೊಡಗಿತು.

ನವ್ಯಶ್ರೀ ಫೋಟೋದ ಮೇಲೆ ಬಗ್ಗಿಯೇ ಇದ್ದರು. ಬೆರಳು ಗೂಡಿನ ಕ್ರೇಟಿನಿಂದ ಕೆಳಗಿಳಿಯಿತು. ಗಾಡಿಯ ಹಿಂಬದಿ. ಅಲ್ಲಿ ನಿಂತಿತು.

"ಇದು ಬಾಡಿಗೆ ಗೂಡ್ಸ್ ಗಾಡಿ ಅಲ್ವಾ?"

"ಹೌದು."

"ನಂಬರ್ ಬೋರ್ಡ್ ಯಾಕೆ ಬಿಳಿ?"

ಇಬ್ಬರೂ ಒಟ್ಟಿಗೇ ಎದ್ದೆವು. ಕುರ್ಚಿ ಹಿಂದಕ್ಕೆ ಬಿತ್ತು, ಎತ್ತುವವರಿಲ್ಲ. ಠಾಣೆಯ ಹಿತ್ತಲಲ್ಲಿ ಬೇವಿನ ಮರದ ಕೆಳಗೆ ದೀಪುವಿನ ಗಾಡಿಯನ್ನು ತಂದು ನಿಲ್ಲಿಸಿದ್ದರು. ನವ್ಯಶ್ರೀ ಫೋಟೋವನ್ನು ಬೋರ್ಡಿನ ಪಕ್ಕಕ್ಕೇ ಹಿಡಿದರು. ಬಿಸಿಲಲ್ಲಿ ಗಾಡಿಯ ಬೋರ್ಡು ಅರಿಶಿನ ಬಳಿದ ಹೊಸ್ತಿಲ ಹಾಗೆ ಹಳದಿ. ಫೋಟೋದಲ್ಲಿ ಅದೇ ಬೋರ್ಡು, ಅದೇ ನಂಬರು, ಅಚ್ಚ ಬಿಳಿ. ಅದರ ಮೇಲಿದ್ದ ಗೂಡೂ ಅದೇ ಬಿಳಿ. ಎರಡಕ್ಕೂ ಬಿದ್ದಿದ್ದು ಒಂದೇ ದೀಪದ ಬೆಳಕು.

"ಬೋರ್ಡ್ ಹಳದಿ ಆದ್ರೆ..." ಅಂದರು ನವ್ಯಶ್ರೀ.

"ಗೂಡೂ ಹಳದಿ!" ಅಂದೆ. ನನಗೆ ಕುಣಿಯಬೇಕು ಅನಿಸಿತು. ಮಾಗಡಿ ಕಡೆ ನಾನು ಕಂಡ ಮನೆಗಳಲ್ಲೆಲ್ಲಾ ಹಳದಿ ಗೂಡೇ. ಬಾಲರಾಜುವಿನದು ಬಿಳಿ. ಕಳ್ಳತನದ ಮಾತೇ ಬಿದ್ದುಹೋಯಿತಲ್ಲ!

"ಕುಣಿಬೇಡಿ ಇನ್ನೂ. ಪ್ರಿಂಟ್ ನೋಡಿ ನಾನು ಹೇಳಿದ್ರೆ ಕೋರ್ಟ್ ಕೇಳಲ್ಲ. ತೊಳೆಯೋಕೆ ಮುಂಚಿನ ಫೋಟೋ ಬೇಕು. ಸಂಜೆಯೊಳಗೆ."

ಜೀಪು ಹತ್ತುವಾಗ ಗೇಟಿನ ಹತ್ತಿರ ಶಿವಲಿಂಗಮ್ಮ ಎದ್ದು ನಿಂತರು. ದೀಪುವಿನ ತಾಯಿ. ಮಡಚಿ ಮಡಚಿ ಹಿಡಿದ ಬಿಳಿ ಟವಲ್ಲನ್ನು ನನ್ನ ಮುಖಕ್ಕೇ ಚಾಚಿದರು.

"ನೋಡು ಕಣವ್ವಾ, ಇದೇಯ ಅವುಂದು. ನಾನೇ ಒಗ್ದು ಒಣಾಕಿದ್ದು. ಯೋಳು ಆಯಮ್ಮಂಗೆ."

"ಬಂದು ಹೇಳ್ತೀನಿ ಅವ್ವಾ. ಒಳ್ಳೇ ಸುದ್ದಿ ತತ್ತೀನಿ."

ಹಾಗೆ ಹೇಳಬಾರದಿತ್ತೋ ಏನೋ. ಆದರೆ ಆ ಮುಖ ನೋಡಿದ ಮೇಲೆ ಬಾಯಿ ತಡೆಯಲಿಲ್ಲ.

ರಾಮನಗರದ ಐಜೂರಿನಲ್ಲಿ ಮನುವಿನ ಸ್ಟುಡಿಯೋ. ಹೊರಗೆ ನವಜೋಡಿಗಳ ಆಳೆತ್ತರದ ಫೋಟೋ. ಗಂಡೂ ಬೆಳ್ಳಗೆ, ಹೆಣ್ಣೂ ಬೆಳ್ಳಗೆ, ಹಿಂದೆ ನಿಂತ ಸೋದರಮಾವನೂ ಬೆಳ್ಳಗೆ. ಸುಣ್ಣದ ತೊಟ್ಟಿಯಲ್ಲಿ ಅದ್ದಿ ತೆಗೆದಿದ್ದಾನೆ ಮಹಾರಾಯ.

ನನ್ನ ಹಿಂದೆ ಯೂನಿಫಾರ್ಮು ಕಂಡದ್ದೇ ಮನು ಎದ್ದು ನಿಂತ.

"ಏನಕ್ಕ, ಇಷ್ಟ್ ದೂರ?"

"ಕೆಂಗಲ್ ಫೋಟೋದ ಒರಿಜಿನಲ್ ಬೇಕು ಕಣೋ."

"ಅದಾ... ಕಾರ್ಡ್ ಫಾರ್ಮ್ಯಾಟ್ ಆಗೋಯ್ತಲ್ಲಕ್ಕ."

"ಮದುವೆ ಆಲ್ಬಮ್ ಕೊಟ್ಟೆಯಾ?"

"ಇನ್ನೂ ಇಲ್ಲ. ಡಿಸೈನ್ ನಡೀತೈತೆ."

"ಆಲ್ಬಮ್ ಕೊಡೋಗಂಟ ಒರಿಜಿನಲ್ ಅಳಿಸೋ ಫೋಟೋಗ್ರಾಫರ್ ಈ ಜಿಲ್ಲೇಲಿ ಹುಟ್ಟಿಲ್ಲ. ಯಾರ ಕಿವಿ ಮೇಲೆ ಹೂ ಇಡ್ತೀಯ?"

ಮನು ನನ್ನನ್ನು ಬಿಟ್ಟು ನವ್ಯಶ್ರೀ ಕಡೆ ತಿರುಗಿದ. "ಮೇಡಂ, ನಾನ್ ಏನೂ ಮಾಡಿಲ್ಲ ಮೇಡಂ. ಸುಳ್ಳು ಹೇಳಿಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸುಳ್ಳು ಅಂತ ಇನ್ನೂ ಯಾರು ಅಂದಿದ್ದರು?

ನವ್ಯಶ್ರೀ ಬಾಗಿಲಿಗೆ ಒರಗಿ ನಿಂತರು. ದನಿ ಏರಿಸಲಿಲ್ಲ. "ಫೋಟೋ ಹೇಗೆ ತೆಗೆದ್ನೋ ಹಾಗೇ ಇದೆ ಅಂತ ನನ್ನ ಮುಂದೆ ಹೇಳಿ ಸೈನ್ ಹಾಕಿದ್ದೀರ, ಮನು."

"ಹಂಗೇ ಐತೆ ಮೇಡಂ. ಒಸಿ ಕಲರ್ ಸರಿ ಮಾಡಿವ್ನಿ ಅಷ್ಟೇ."

"ಒಸಿ!" ನನಗೆ ರೇಗಿಹೋಯಿತು. ಪ್ರಿಂಟನ್ನು ಅವನ ಕೀಬೋರ್ಡ್ ಮೇಲೆ ಬಡಿದೆ. "ನೋಡೋ ಇಲ್ಲಿ. ಯೆಲ್ಲೋ ಬೋರ್ಡ್ ಗಾಡೀನ ವೈಟ್ ಬೋರ್ಡ್ ಮಾಡಿದೀಯ. ಆರ್‌ಟಿಓ ಆಫೀಸ್ ತೆಗ್ದಿದೀಯಾ ಇಲ್ಲಿ? ಈ ಹುಡುಗ್ರನ್ನ ನೋಡು, ಸ್ಮಶಾನದಿಂದ ಎದ್ದು ಬಂದವ್ರ ಥರ ಮಾಡಿದೀಯ. ಎಲ್ಲಿ ಕ್ಲಿಕ್ ಮಾಡ್ದೆ? ಯಾವುದನ್ನ ಬಿಳಿ ಅಂತ ತೋರಿಸ್ದೆ?"

ಮನು ಬೋರ್ಡು ನೋಡಿದ. ನಿಜವಾಗಿಯೂ ಅವನು ಅದನ್ನು ಈಗಲೇ ಕಂಡದ್ದು. ಅಷ್ಟು ನಾನು ಅವನ ಪರವಾಗಿ ಹೇಳುತ್ತೇನೆ.

"ಯಾವಾಗ್ಲೂ ಗಂಡಿನ ಪಂಚೆ ಮ್ಯಾಲೆ ಕ್ಲಿಕ್ ಮಾಡೋದಕ್ಕ," ಅಂದ ಮೆಲ್ಲಗೆ. "ಪಂಚೆ ಬಿಳಿ ಆದ್ರೆ ಎಲ್ಲಾ ಸರಿಹೋಯ್ತದೆ. ಈ ಫೋಟೋದಾಗೆ ಎಲ್ಲಾ ಜೀನ್ಸ್ ಹಾಕವ್ರೆ. ಪಂಚೆನೇ ಇಲ್ಲ. ಹುಡುಕ್ದೆ. ಹಿಂದ್ಗಡೆ ಗೂಡು ಕಾಣ್ತು."

"ಅದಕ್ಕೇ ಗೂಡಿನ ಮೇಲೆ ಕ್ಲಿಕ್ ಮಾಡ್ದೆ!"

"ಮಾರ್ಕೆಟ್‌ನಾಗೆ ಈಗ ಎಲ್ಲಿ ನೋಡುದ್ರೂ ಬಿಳಿ ಗೂಡೇ ಅಲ್ವಾ ಅಕ್ಕ? ಬಿಳೀನೇ ಇರ್ತದೆ ಅನ್ಕೊಂಡೆ."

"ರಾಮನಗರದಲ್ಲಿ ಹುಟ್ಟಿ, ಗೂಡು ಎರಡು ಬಣ್ಣ ಅಂತ ಗೊತ್ತಿಲ್ವೇನೋ ನಿಂಗೆ?"

"ಗೊತ್ತು. ಆ ದೀಪದಾಗೆ ಎಲ್ಲಾ ಒಂದೇ ಥರ ಹಳದಿ ಕಾಣ್ತಿತ್ತು. ಯಾವ ಹಳದಿ ದೀಪದ್ದು, ಯಾವ್ದು ಗೂಡಿಂದು ಅಂತ ಹೆಂಗ್ ಯೋಳಾದು? ಆಲ್ಬಮ್‌ಗೆ ಅಂತ ಮಾಡಿದ್ದು ಅಕ್ಕ. ಪೊಲೀಸ್ನೋರು ಅದನ್ನೇ ಈಸ್ಕೊಂಡೋಗ್ತಾರೆ ಅಂತ ನಂಗೇನ್ ಕನಸು ಬಿದ್ದಿತ್ತಾ? ಆಮ್ಯಾಕೆ ಸೈನ್ ಬೇರೆ ಹಾಕ್ಬುಟ್ಟಿದ್ದೆ. ಬದಲಾಯ್ಸೀನಿ ಅಂದ್ರೆ ನನ್ನೇ ಒಳಗಾಕ್ತಾರೆ ಅಂತ..."

"ನೀನು ಒಳಗೆ ಹೋಗ್ತೀಯ ಅಂತ ದೀಪುನ ಒಳಗೆ ಹಾಕಿಸ್ದೆ," ಅಂದೆ.

ಅವನು ತಲೆ ತಗ್ಗಿಸಿಯೇ ಕಂಪ್ಯೂಟರಿನಲ್ಲಿ ಮದುವೆಯ ಫೋಲ್ಡರ್ ತೆರೆದ. ಎಲ್ಲಾ ಇತ್ತು, ಒಂದೂ ಅಳಿಸಿರಲಿಲ್ಲ.

ಒರಿಜಿನಲ್ ತೆರೆದುಕೊಂಡಿತು. ದೇವರೇ, ಎಂಥ ಹಳದಿ! ಹುಡುಗರು, ರಸ್ತೆ, ಗಾಡಿ, ಗೂಡು, ದೀಪುವಿನ ಟವಲ್ಲು, ಎಲ್ಲಾ ಒಂದೇ ಬೋಂಡದ ಹಿಟ್ಟಿನಲ್ಲಿ ಅದ್ದಿದ ಹಾಗೆ. ನವ್ಯಶ್ರೀ ಹತ್ತಿರ ಬಂದು ಸ್ಕ್ರೀನಿಗೆ ಬಗ್ಗಿದರು.

"ಈಗ ಟವಲ್ ಮೇಲೆ ಕ್ಲಿಕ್ ಮಾಡಿ," ಅಂದರು.

ಮನು ಮಾಡಿದ.

ಹುಡುಗರ ಮುಖಕ್ಕೆ ಬಣ್ಣ ಬಂತು. ಎಣ್ಣೆಗಪ್ಪು, ಗೋಧಿ, ಅವರವರ ಅಪ್ಪ ಅಮ್ಮ ಕೊಟ್ಟ ಬಣ್ಣ. ಟವಲ್ಲು ಬಿಳಿಯಾಯಿತು. ಬೋರ್ಡು ಹಳದಿಯಾಯಿತು, ಹಿತ್ತಲಲ್ಲಿ ಕಂಡ ಅದೇ ಹಳದಿ. ಅದರ ಮೇಲೆ ಕ್ರೇಟುಗಳಲ್ಲಿ ಗೂಡು, ಮಾಗಿದ ನಿಂಬೆಹಣ್ಣಿನ ಹಳದಿ.

"ಟೀ ಅಂಗಡಿ ಗೋಡೆ ಮಾತ್ರ ನೀಲಿ ಆಯ್ತಲ್ಲ?" ಅಂದರು ನವ್ಯಶ್ರೀ. ಒಂದನ್ನೂ ಬಿಡುವವರಲ್ಲ.

"ಅದಕ್ಕೆ ಬಿದ್ದಿರೋದು ಟ್ಯೂಬ್‌ಲೈಟ್ ಮೇಡಂ. ಎರಡು ದೀಪ ಅಂದ್ರೆ ಓರಗಿತ್ತಿಯರಿದ್ದ ಹಾಗೆ, ಒಬ್ಬಳನ್ನ ಸಮಾಧಾನ ಮಾಡಿದ್ರೆ ಇನ್ನೊಬ್ಬಳು ಮುನಿಸ್ಕೊಳ್ತಾಳೆ. ಟವಲ್ ಮೇಲೂ ಟ್ಯೂಬ್‌ಲೈಟೇ ಬಿದ್ದಿದ್ರೆ, ಈಗ ಬೋರ್ಡ್ ಇಷ್ಟು ಸರಿಯಾಗಿ ಬರ್ತಿರ್ಲಿಲ್ಲ, ಕಿತ್ತಳೆ ಹಣ್ಣಾಗ್ತಿತ್ತು."

ಅವರು ಟವಲ್ಲಿನಿಂದ ಬೋರ್ಡಿಗೆ, ಬೋರ್ಡಿನಿಂದ ಗೂಡಿಗೆ ಬೆರಳು ಓಡಿಸಿದರು. ಆಮೇಲೆ ಒಂದೇ ಮಾತು: "ಕಾರ್ಡು, ಕಂಪ್ಯೂಟರ್ ಎರಡನ್ನೂ ತಗೊಳ್ತೀವಿ. ಸಾಕ್ಷಿಗೆ ಪಂಚರನ್ನ ಕರೀತೀನಿ. ಮನು, ನೀವು ಬಂದು ಹೇಳಿಕೆ ಬದಲಾಯಿಸ್ಬೇಕು."

ಮನು ಕುಸಿದು ಕೂತ. ನನಗೆ ಪಾಪ ಅನಿಸಲಿಲ್ಲ. ಬೆಳ್ಳಗಿರೋದೆಲ್ಲಾ ಹಾಲಲ್ಲ ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಇವನಂತೂ ಕಂಡದ್ದಕ್ಕೆಲ್ಲಾ ಹಾಲು ಸುರಿಯುವವನು.

ದಾರಿಯುದ್ದಕ್ಕೂ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬಾಯಿ ಸುಮ್ಮನಿರಲಿಲ್ಲ.

"ಲಿಂಗಯ್ಯ ಕಂಡವನ ಟವಲ್ ನಿಜವಾಗ್ಲೂ ನೀಲಿ, ಅಲ್ವಾ ಮೇಡಂ? ಗೋಡೌನ್ ಮುಂದೆ ಬಿಳಿ ಲೈಟಿದೆ, ನಾನೇ ಮೊನ್ನೆ ಅಲ್ಲಿ ಫೋಟೋ ತೆಗೆದೆ. ಅಂದ್ರೆ ಅವನು ಬೇರೆ, ದೀಪು ಬೇರೆ."

"ಹೂಂ."

"ಟವಲ್ಲೂ ಬೇರೆ, ಗೂಡೂ ಬೇರೆ. ಬಿಟ್ಟುಬಿಡ್ತೀರಲ್ಲ ಅವನನ್ನ?"

ನವ್ಯಶ್ರೀ ಕಿಟಕಿಯಾಚೆ ನೋಡುತ್ತಿದ್ದರು. "ಒಂದು ವಿಷ್ಯ ನನಗೆ ಸರಿಹೋಗ್ತಿಲ್ಲ, ರಾಧಕ್ಕ. ಈ ಫೋಟೋನ ನಾನು ದೀಪುಗೆ ತೋರಿಸಿದ್ದೆ. ತನ್ನ ಟವಲ್ ನೀಲಿ ಕಾಣ್ತಿದೆ, ತನ್ನ ಗೂಡು ಬಿಳಿ ಕಾಣ್ತಿದೆ. ಗೂಡು ಸಾಕೋ ಮನೆ ಹುಡುಗ. 'ಇದು ತಪ್ಪು' ಅಂತ ಒಂದು ಮಾತೂ ಅನ್ನಲಿಲ್ಲ. ಯಾಕೆ?"

"ಹೆದರಿರ್ತಾನೆ."

"ಇರ್ಬೋದು," ಅಂದರು. ಅಷ್ಟೇ.

ಜೀಪು ನಿಲ್ಲುವ ಮೊದಲೇ ನಾನು ಇಳಿದೆ. ಶಿವಲಿಂಗಮ್ಮ ಗೇಟಿನ ಕಂಬಕ್ಕೆ ಒರಗಿ ಕೂತಿದ್ದರು. ಟವಲ್ಲು ಮಡಿಲಲ್ಲಿ. ನನ್ನ ಮುಖ ನೋಡಿಯೇ ಅರ್ಧ ಎದ್ದರು.

"ಅವ್ವಾ! ನಿಮ್ಮ ಟವಲ್ ಸರಿ, ನಿಮ್ಮ ಮಾತು ಸರಿ. ಫೋಟೋದಲ್ಲಿದ್ದದ್ದು ಬಿಳಿ ಟವಲ್ಲೇ!"

"ಅಯ್ಯೋ ನಮ್ಮಪ್ಪ, ಆಂಜನೇಯ!" ಟವಲ್ಲನ್ನು ಕಣ್ಣಿಗೆ ಒತ್ತಿಕೊಂಡರು. "ನಾನ್ ಯೋಳ್ಲಿಲ್ವಾ? ನನ್ ಮಗ ಅಂತವ್ನಲ್ಲ ಅಂತ ಬಡ್ಕೊಳ್ಲಿಲ್ವಾ?"

"ಗೂಡೂ ಬಾಲರಾಜುದಲ್ಲ. ಅವನದ್ದು ಬಿಳಿ. ನಿಮ್ಮ ಗೂಡು ಹಳದಿ. ಕಂಪ್ಯೂಟರಲ್ಲಿ ಕಣ್ಣಾರೆ ನೋಡಿ ಬಂದ್ವಿ."

ಶಿವಲಿಂಗಮ್ಮ ಟವಲ್ಲನ್ನು ಮುಖದಿಂದ ಇಳಿಸಿದರು.

"ಯಾವ ಹಳದಿ?"

"ಅದೇ, ದೀಪು ಗಾಡೀಲಿದ್ದ ನಿಮ್ಮನೆ ಗೂಡು."

"ನಮ್ಮನೇಲಿ ಎಲ್ಲವ್ವಾ ಹಳದಿ?" ಅವರು ನಕ್ಕರು. ಪಟ್ಟಣದವಳಿಗೆ ಏನೂ ಗೊತ್ತಿಲ್ಲ ಅನ್ನುವ ನಗು. "ಹಳದಿ ಹುಳ ಮೇಯ್ಸೋದ ಬುಟ್ಟು ಸ್ಯಾನೆ ಕಾಲ ಆಯ್ತು. ನಮ್ದೆಲ್ಲಾ ಈಗ ಬಿಳೀದೇಯ. ಮನೇಲಿ ಇನ್ನೂ ಹಂಗೇ ಐತೆ, ಬಂದು ನೋಡು ಬೇಕಾದ್ರೆ, ಒಂದು ಗೂಡ್ನೂ ಬುಡಿಸಿಲ್ಲ..."

ಮಾತು ಅಲ್ಲೇ ನಿಂತಿತು. ಅವರ ಕಣ್ಣು ನನ್ನ ಭುಜದ ಮೇಲಿಂದ ಹಿಂದಕ್ಕೆ ಹೋಯಿತು. ನವ್ಯಶ್ರೀ ಅಲ್ಲಿ ನಿಂತಿದ್ದರು.

ಬೆಳಗ್ಗೆಯಿಂದ ಈ ತಾಯಿಯನ್ನು ಎಲ್ಲರೂ ಎಲ್ಲಾ ಕೇಳಿದ್ದರು, ಗೂಡಿನ ಬಣ್ಣ ಒಂದನ್ನು ಬಿಟ್ಟು. ಬಣ್ಣ ಫೋಟೋದಲ್ಲೇ ಕಾಣುತ್ತಿತ್ತಲ್ಲ, ಕೇಳುವುದೇನು? ನಾನೂ ಕೇಳಿರಲಿಲ್ಲ. ಮಾಗಡಿ ಕಡೆ ಅಂದರೆ ಹಳದಿ ಅಂತ ನನ್ನಷ್ಟಕ್ಕೆ ನಾನೇ ಬಣ್ಣ ಹಚ್ಚಿಕೊಂಡಿದ್ದೆ.

"ಇಲ್ಲ ಇಲ್ಲ," ಅಂದರು ಶಿವಲಿಂಗಮ್ಮ ಅವಸರದಲ್ಲಿ. "ಹಳದೀನೂ ಇತ್ತು, ಒಸಿ ಇತ್ತು. ಮರ್ತೋಯ್ತು ನಂಗೆ. ಇತ್ತು ಕಣ್ರವ್ವಾ, ಕೊಟ್ಟಿಗೇಲಿ..."

ನವ್ಯಶ್ರೀ ಅವರ ಕೈ ಹಿಡಿದು ಕೂರಿಸಿ, ಒಳಗೆ ನಡೆದರು. ನಾನು ಹಿಂದೆಯೇ ಓಡಿದೆ.

ದೀಪು ಒಳಕೋಣೆಯ ಬೆಂಚಿನ ಮೇಲೆ ಕೂತಿದ್ದ. ನನ್ನನ್ನು ಕಂಡು ಎದ್ದ. "ರಾಧಕ್ಕ, ಊಟ ಆಯ್ತಾ?" ಅಂದ. ಅಂಥ ಹೊತ್ತಲ್ಲೂ ಅದನ್ನು ಕೇಳುವವನು ಅವನು.

ನವ್ಯಶ್ರೀ ಹೊಸ ಪ್ರಿಂಟನ್ನು ಅವನ ಮುಂದೆ ಇಟ್ಟರು. ಬಿಳಿ ಟವಲ್ಲು. ಹಳದಿ ಬೋರ್ಡು. ಹಳದಿ ಗೂಡು.

"ಕೊಲೆ ಮಾಡಿದವನು ನೀನಲ್ಲ ಅಂತ ಈಗ ನಾನೂ ನಂಬ್ತೀನಿ, ದೀಪು. ಆದ್ರೆ ಇದು ನಿಮ್ಮನೆ ಗೂಡಲ್ಲ. ನಿಮ್ಮಮ್ಮ ಈಗ ತಾನೇ ಹೇಳಿದ್ರು. ಯಾರ ಗೂಡು ಇದು? ಅಷ್ಟೊತ್ತಲ್ಲಿ ಯಾರ ಮನೆಯಿಂದ ತಗೊಂಡು, ಯಾರ ಮನೆಗೆ ಹೊರಟಿದ್ದೆ?"

ಅವನು ಫೋಟೋವನ್ನೇ ನೋಡಿದ. ಬೆರಳಿನಿಂದ ಆ ಹಳದಿ ಗೂಡನ್ನು ಮುಚ್ಚಿದ, ಅದು ಕಾಣದಿದ್ದರೆ ಇಲ್ಲವೇ ಇಲ್ಲ ಅನ್ನುವ ಹಾಗೆ.

"ಅದು ಕದ್ದಿದ್ದೇಯ ಮೇಡಂ. ಬಾಲರಾಜಣ್ಣುಂದೇ. ನಾನೇ ಕದ್ದೆ. ಬರ್ಕೊಳ್ಳಿ."

"ಅವರದ್ದು ಬಿಳಿ ಗೂಡು."

"ಬರ್ಕೊಳ್ಳಿ ಅಂದ್ನಲ್ಲ!"

ದೀಪು ಕಿರುಚಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. ಹೊರಗೆ ಶಿವಲಿಂಗಮ್ಮ ಅವನ ಹೆಸರು ಹಿಡಿದು ಕೂಗಿದರು. ಅವನು ಆ ಕಡೆ ತಿರುಗಲಿಲ್ಲ. ನವ್ಯಶ್ರೀ ಕಡೆಯೂ ನೋಡಲಿಲ್ಲ. ನನ್ನನ್ನು ನೋಡಿದ. ಕಣ್ಣು ತುಂಬಿತ್ತು.

"ಆ ಫೋಟೋನ ಬೆಳ್ಳಗೇ ಬುಟ್ಬುಡ್ಬೇಕಿತ್ತು ಕಣಕ್ಕಾ," ಅಂದ. "ಆ ಗೂಡಿನೋರು ಉಳ್ಕೊತಿದ್ರು. ನಾನೊಬ್ನೇ ಒಳಗೆ ಹೋಗ್ತಿದ್ದೆ."